ನಡುವಿನ ಮೆಟ್ಟಿಲು

ಮೈನಸ್ ಇಪ್ಪತ್ತಾರು. ಶೆಡ್ಡಿನ ಬಾಗಿಲು ಎತ್ತಿದ್ದೇ ತಡ
ಹಬೆ ಉಗುಳುತ್ತ ಒಳಗೆ ಬಂತು ಓಯ್ವನ ಲಾರಿ.
ಬೆನ್ನು ಖಾಲಿ, ದಿಮ್ಮಿಗಳನ್ನು ಗಿರಣಿಗೆ ಇಳಿಸಿಯಾಗಿದೆ;
ಡ್ಯಾಶಿನ ಮೇಲೊಂದು ಹಳದಿ ದೀಪ.

“ಟ್ಯಾಂಕು ಬರಿದಂತೆ, ಸೈಮಿ. ಸುಳ್ಳು.
ಸೋಮವಾರ ನಾನೇ ಕತ್ತಿನ ತನಕ ತುಂಬಿಸಿದ್ದೇನೆ.
ಇನ್ನು ಮುನ್ನೂರು ಕಿಲೋಮೀಟರು ಹೋದರೆ
ಮುದಿ ಹಿಮಸಾರಂಗದ ನಡಿಗೆಗೆ ಕಟ್ಟಿಹಾಕುತ್ತದಂತೆ.”
ಪೇಟೆಯ ದೊಡ್ಡ ವರ್ಕ್‌ಶಾಪಿನಲ್ಲಿ ಎರಡು ಸಲ
ಕಂಪ್ಯೂಟರ್ ಚುಚ್ಚಿ, ದೂರು ಅಳಿಸಿ,
ಬಿಲ್ಲು ಕೈಗಿಟ್ಟು ಕಳಿಸಿದ್ದಾರೆ.

ನನ್ನದು ಬೇರೆ ಕ್ರಮ. ಮೊದಲು ಕಣ್ಣು.
ಮುಚ್ಚಳ ತಿರುಗಿಸಿ ಟಾರ್ಚು ಬಿಟ್ಟೆ:
ಅರ್ಧ ಟ್ಯಾಂಕು. ಹೀಟರಿನ ಬಿಸಿಗೆ ಕರಗಿದ ತಿಳಿನೀರು,
ಮೂಗಿಗೆ ದನದ ಕೊಟ್ಟಿಗೆ.
ಹೊಲಕ್ಕೆ ಎರಚುವ ಅದೇ ಯೂರಿಯಾ
ಇಲ್ಲಿ ಹೊಗೆಯ ಮೈ ತೊಳೆಯುತ್ತದೆ.

ಕನೆಕ್ಟರ್ ಕಳಚಿದೆ. ಪಿನ್ನುಗಳ ಬುಡದಲ್ಲಿ
ಉಪ್ಪಿನಂಥ ಬಿಳಿ ಹರಳು.
ಕಳ್ಳ ಸಿಕ್ಕಿದ ಅಂದುಕೊಂಡೆ.
ಬಿಸಿನೀರಲ್ಲಿ ತೊಳೆದು, ಗಾಳಿ ಊದಿ, ಮತ್ತೆ ಸಿಕ್ಕಿಸಿದೆ.
ದೀಪ ಕದಲಲಿಲ್ಲ.
ಐದು ವೋಲ್ಟು ಬರಬೇಕಾದಲ್ಲಿ ಐದೇ ಬರುತ್ತಿದೆ, ಅರ್ತ್ ಸರಿ.
ಚಾಸಿಯುದ್ದಕ್ಕೂ ವೈರು ಹಿಡಿದು ಜಗ್ಗಿದೆ, ಬಗ್ಗಿಸಿದೆ;
ಮೀಟರಿನ ಅಂಕಿ ಕಲ್ಲಿನ ಹಾಗೆ ಕೂತಿತ್ತು.

ಕಾಫಿ.

ಓಯ್ವ ಜೇಬಿನಿಂದ ನೋಟ್‌ಬುಕ್ಕು ತೆಗೆದ.
ಎಲ್ಲ ಬರೆದಿಡುವ ಪ್ರಾಣಿ ಅವನು: ಡೀಸೆಲ್ಲು, ಟಯರು,
ರಸ್ತೆಗೆ ಅಡ್ಡ ಬಂದ ಜಿಂಕೆ, ಮಗಳ ಫೋನು.
ಅಲ್ಲಲ್ಲಿ ‘ದೀಪ’ ಅಂತ ಒಂದೇ ಪದ, ಮುಂದೆ ಕಿಲೋಮೀಟರು.
ತುಂಬಿಸಿದ ದಿನದಿಂದ ದೀಪದ ದಿನಕ್ಕೆ
ಪೆನ್ಸಿಲಿನಲ್ಲಿ ಕಳೆಯುತ್ತ ಹೋದೆ.
ಒಂಬೈನೂರ ಹತ್ತು. ಒಂಬೈನೂರ ಮೂವತ್ತು. ಒಂಬೈನೂರ ಐದು.
“ದೀಪ ಹತ್ತಿದ ಮೇಲೆ ಏನು ಮಾಡುತ್ತೀ?”
“ಏನು?”
“ಹತ್ತಿದ ಮೇಲೆ!”
“ಹೆದರಿ ತುಂಬಿಸುತ್ತೇನೆ. ಆರುತ್ತದೆ.”

ಹಾಗಾದರೆ ಹೆದರಿಕೆಯೇ ರೋಗವನ್ನು ಮುಚ್ಚಿಟ್ಟಿದೆ.

ಸೆನ್ಸರ್ ಹೊರಗೆಳೆದು ಬೆಂಚಿನ ಮೇಲಿಟ್ಟೆ.
ಕೊಳಲುದ್ದದ ಕಡ್ಡಿ, ಕಡ್ಡಿಗೆ ಉಂಗುರದಂಥ ಬೆಂಡು,
ಬೆಂಡಿನ ಹೊಟ್ಟೆಯಲ್ಲಿ ಅಯಸ್ಕಾಂತ.
ಕಡ್ಡಿಯೊಳಗೆ ಏಣಿಯ ಮೆಟ್ಟಿಲಂತೆ ಪುಟ್ಟ ಸ್ವಿಚ್ಚುಗಳು;
ಬೆಂಡು ಎದುರಿಗೆ ಬಂದಾಗ
ಒಂದೊಂದೂ ಹೂಂಗುಟ್ಟಬೇಕು.
ಬೆರಳಿನಿಂದ ಬೆಂಡನ್ನು ಮೇಲಕ್ಕೆ ನೂಕಿದೆ.
ಹೂಂ ಅಂತು. ಹೂಂ ಅಂತು. ಮೂರು, ನಾಲ್ಕು, ಐದು.
ಆರನೆಯದರಲ್ಲಿ ಮೀಟರು ಬರೀ ಗೆರೆ.
ಅರ್ಧ ಬೆರಳು ಮೇಲೆ: ಅಂಕಿ ವಾಪಸ್ಸು.
ಕೆಳಗೆ: ಗೆರೆ.
ಹತ್ತು ಸಲ ನೂಕಿದೆ, ನಂಬಿಕೆ ಬರಲಿ ಅಂತ.
ತುಂಬಿದಾಗಲೂ ನಿಜ, ತಳ ಕಂಡಾಗಲೂ ನಿಜ,
ನಡುವಿನ ಒಂದು ಮೆಟ್ಟಿಲಲ್ಲಿ ಮಾತ್ರ ಬಾಯಿ ಕಟ್ಟುತ್ತದೆ;
ಆ ಮೌನವನ್ನು ಲಾರಿ
ಬರಿದು ಅಂತ ಓದಿಕೊಳ್ಳುತ್ತದೆ.

ಓಯ್ವ ಬಗ್ಗಿ ನೋಡಿದ, ತಾನೂ ಎರಡು ಸಲ ನೂಕಿದ.
ಆಮೇಲೆ ಬಲಗಿವಿ ಮುಟ್ಟಿಕೊಂಡು ನಕ್ಕ.
“ಇಪ್ಪತ್ತೆರಡು ವರ್ಷ ಗರಗಸ ಹಿಡಿದದ್ದು ಈ ಕಡೆ.
ಡಾಕ್ಟರು ಗೆರೆ ಎಳೆದು ತೋರಿಸಿದಳು: ದಪ್ಪ ದನಿ ಕೇಳುತ್ತದೆ,
ತೀರ ತೆಳ್ಳಗಿನದೂ ಕೇಳುತ್ತದೆ,
ಮಧ್ಯೆ ಒಂದು ಹೊಂಡ.
ಮನೆಯಲ್ಲಿ ಪೂರ್ತಿ ಕಿವುಡ ಅಂದುಕೊಂಡು
ಕೂಗಿ ಕೂಗಿ ಸುಸ್ತಾಗಿದ್ದಾರೆ.”

ನಾನು ಏನೂ ಅನ್ನಲಿಲ್ಲ. ಸೀಲಿಗೆ ಗ್ರೀಸು ಸವರಿ
ಹಳೆಯದನ್ನೇ ತಿರುಗಿ ಕೂರಿಸಿ
ಅಂಚಿನ ತನಕ ಟ್ಯಾಂಕು ತುಂಬಿಸಿದೆ. ದೀಪ ಆರಿತು.
ಹೊಸದು ರೊವಾನಿಯೆಮಿಯಿಂದ ಬಸ್ಸಿನಲ್ಲಿ ಬರಬೇಕು.
ಅಲ್ಲಿಯವರೆಗೆ ಅರ್ಧಕ್ಕೆ ಇಳಿಯಲು ಬಿಡಬೇಡ,
ಮಂಗಳವಾರ ಬಾ, ಅಂದೆ.

ಅವನು ಗ್ಲೌಸು ಹುಡುಕುತ್ತಿದ್ದ. ಕೇಳಿಸಲಿಲ್ಲ.

ಲಾರಿಯ ಮೂತಿಗೆ ಸುತ್ತು ಹಾಕಿ
ಅವನ ಎಡಕ್ಕೆ ಬಂದು ನಿಂತು,
ದನಿ ಒಂದು ಮೆಟ್ಟಿಲು ಇಳಿಸಿ
ಮತ್ತೆ ಹೇಳಿದೆ: ಮಂಗಳವಾರ.